ಬಿಸಿಲು ಹಿಡಿಯುವ ಡಬ್ಬಿಗಳು

ಮಧುಗಿರಿ ಬೆಟ್ಟದ ಫೋಟೊ ತೆಗೆಯುವುದು ಸುಲಭವೆಂದೇ ಎಲ್ಲರೂ ತಿಳಿಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ಎದ್ದುನಿಂತ ಏಕಶಿಲೆ ಅದು. ಊರಿನ ಯಾವ ಓಣಿಯಲ್ಲಿ ಕತ್ತೆತ್ತಿದರೂ ಕಾಣುತ್ತದೆ, ಹಾರಿಹೋಗುವುದಿಲ್ಲ, ಅಲುಗುವುದಿಲ್ಲ. ಆದರೂ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ಮೊಬೈಲು ಎತ್ತಿದವರು ಆಮೇಲೆ ಚಿತ್ರ ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅರ್ಧ ಆಕಾಶವನ್ನೇ ನುಂಗಿದಂತೆ ಕಂಡ ಬಂಡೆ, ಚಿತ್ರದಲ್ಲಿ ಕರೆಂಟು ಕಂಬ ಮತ್ತು ಬೇಕರಿ ಬೋರ್ಡುಗಳ ಹಿಂದೆ ಬರೀ ದಿಬ್ಬವಾಗಿ ಕುಳಿತಿರುತ್ತದೆ.

ಊರು ಬಿಟ್ಟು ಹೊಲಗಳ ಕಡೆಗೆ ಒಂದೆರಡು ಕಿಲೋಮೀಟರು ನಡೆದು, ಅಲ್ಲಿಂದ ಉದ್ದನೆಯ ಲೆನ್ಸಿನಲ್ಲಿ ನೋಡಿದರೆ ಅದೇ ಬೆಟ್ಟ ಮನೆಗಳ ಮೇಲೆ ಎರಗಿ ಬರುತ್ತದೆ. ಗುಡಿಯ ಗೋಪುರ ಅದರ ಪಾದದಲ್ಲಿ ಬೆರಳಿನಷ್ಟಾಗುತ್ತದೆ. ಲೆನ್ಸು ಬೆಟ್ಟವನ್ನು ದೊಡ್ಡದು ಮಾಡಿತೆಂದು ನೋಡಿದವರು ಹೇಳುತ್ತಾರೆ. ನಿಜಕ್ಕೂ ದೊಡ್ಡದು ಮಾಡಿದ್ದು ನಡೆದ ದೂರ. ಹತ್ತಿರದ ಕಂಬಕ್ಕೂ ದೂರದ ಬಂಡೆಗೂ ಇರುವ ಅಳತೆಯ ಸಂಬಂಧ ನಾವು ನಿಂತ ಜಾಗದಿಂದ ಹುಟ್ಟುತ್ತದೆ. ಲೆನ್ಸು ಅದರಲ್ಲಿ ಎಷ್ಟು ಭಾಗ ಬೇಕೋ ಅಷ್ಟನ್ನು ಕತ್ತರಿಸಿ ಕೊಡುತ್ತದೆ, ಅಷ್ಟೆ. ಆದರೆ ಆ ಲೆನ್ಸು ಚೀಲದಲ್ಲಿ ಇಲ್ಲದಿದ್ದರೆ ನಾನು ಆ ಹೊಲದ ತನಕ ನಡೆಯುತ್ತಿರಲಿಲ್ಲ. ಬಗೆಬಗೆಯ ಕ್ಯಾಮೆರಾ ಹಿಡಿದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತುವ ನನ್ನ ಹುಚ್ಚಿಗೆ ಕಾರಣ ಇದೇ. ಒಂದೊಂದು ಕ್ಯಾಮೆರಾ ನನ್ನನ್ನು ಒಂದೊಂದು ಕಡೆ ನಿಲ್ಲಿಸುತ್ತದೆ. ಎಷ್ಟು ಹೊತ್ತು ನಿಲ್ಲಬೇಕು, ಎದುರಿಗೆ ಇರುವವರ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೂ ಅದೇ ಗೊತ್ತುಮಾಡುತ್ತದೆ.

ಈ ಸೀಮೆಯಲ್ಲಿ ಮಳೆಗೆ ಬರ, ಬಿಸಿಲಿಗೆ ಬರವಿಲ್ಲ. ಬೇಸಾಯಗಾರನಿಗೆ ಅದು ಸಂಕಟ. ಫೋಟೊ ಕಲಿಯುವವನಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಬೆಳಕಿನ ಅಳತೆಯ ಯಂತ್ರ ಇಲ್ಲದ ಕಾಲದಲ್ಲಿ ಛಾಯಾಗ್ರಾಹಕರು ನೆಚ್ಚಿಕೊಂಡಿದ್ದ ಲೆಕ್ಕ ಒಂದಿದೆ: ಚೆನ್ನಾಗಿ ಬಿಸಿಲಿದ್ದರೆ ದ್ಯುತಿರಂಧ್ರ 16ಕ್ಕೆ ಇಡು, ಫಿಲ್ಮಿನ ವೇಗ 100 ಇದ್ದರೆ ಶಟರು ಸೆಕೆಂಡಿನ ನೂರನೇ ಒಂದು ಭಾಗ. ಮಲೆನಾಡಿನಲ್ಲಿ ಮೋಡ ಬಂದು ಮೋಡ ಹೋಗಿ ಈ ಲೆಕ್ಕ ಗಳಿಗೆಗೊಮ್ಮೆ ತಪ್ಪುತ್ತದೆ. ಪಾವಗಡದಲ್ಲಿ ಮಾರ್ಚಿನ ಬೆಳಗ್ಗೆ ಒಮ್ಮೆ ಇಟ್ಟ ಅಳತೆಯನ್ನು ಇಳಿಹೊತ್ತಿನವರೆಗೆ ಮುಟ್ಟಬೇಕಾಗಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆ ಕ್ಯಾಮೆರಾ ನಮ್ಮ ಕಡೆಯ ಮನೆಗಳಲ್ಲಿ ಅಷ್ಟು ಚೆನ್ನಾಗಿ ನಡೆದದ್ದೂ ಇದೇ ಕಾರಣಕ್ಕೆ. 120 ಅಳತೆಯ ಒಂದು ರೋಲು, ಅದರಲ್ಲಿ 12 ಚೌಕ ಚಿತ್ರ, ಬಿಸಿಲು-ಮೋಡ ಎಂಬ ಗುರುತು. ಈ ಬಯಲಿನಲ್ಲಿ ಅದನ್ನು ಬಿಸಿಲಿಗೆ ಇಟ್ಟು ಮರೆತುಬಿಡಬಹುದಿತ್ತು. ಹಳೆಯ ಅಲ್ಬಮ್ಮುಗಳಲ್ಲಿ ಚಪ್ಪರದ ಹೊರಗೆ, ಬಾವಿಕಟ್ಟೆಯ ಮೇಲೆ, ಮೇವಿನ ಬಣವೆಯ ಮುಂದೆ ಕಣ್ಣು ಕಿರಿದು ಮಾಡಿ ನಿಂತವರೆಲ್ಲ ಆ ಪೆಟ್ಟಿಗೆಗೆ ನಿಂತವರು.

ನಾನು ಕತ್ತಲೆ ಕೋಣೆಯ ಕೆಲಸ ಕಲಿತದ್ದು ತಾಲ್ಲೂಕು ಕೇಂದ್ರದ ಒಂದು ಸ್ಟುಡಿಯೋದಲ್ಲಿ. ಅಲ್ಲಿಯ ಯಜಮಾನರು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮು, ಪೂರ್ವ ಜರ್ಮನಿಯ ಓರ್ವೊ ಫಿಲ್ಮು ಎರಡನ್ನೂ ಬಳಸಿದವರು. ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಕಲೆ ತಿದ್ದುವುದರಲ್ಲಿ ಎತ್ತಿದ ಕೈ. ಅವರು ಮೊದಲು ಕಲಿಸಿದ್ದು ಕ್ಯಾಮೆರಾ ಅಲ್ಲ, ನೀರು. ನಮ್ಮ ಬೋರ್‌ವೆಲ್ಲಿನ ನೀರು ಗಡಸು. ಅದರಲ್ಲಿ ತೊಳೆದ ಫಿಲ್ಮು ಒಣಗಿದಾಗ ಸುಣ್ಣದ ಬಿಳಿ ಚುಕ್ಕೆಗಳು ಹಾಗೇ ಕೂರುತ್ತವೆ. ಹಿಗ್ಗಿಸಿ ಪ್ರಿಂಟು ಹಾಕಿದಾಗ ಆ ಚುಕ್ಕೆ ಮದುಮಗಳ ಕೆನ್ನೆಯ ಮೇಲೆ ಬರಬಹುದು. ಅದಕ್ಕೇ ಅವರು ಹೆಂಚಿನ ಮಾಡಿನಿಂದ ಸುರಿದ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ, ಗಾಜಿನ ಜಾಡಿಯಲ್ಲಿ ಕೂಡಿಟ್ಟು, ಕೊನೆಯ ತೊಳೆತಕ್ಕೆ ಮಾತ್ರ ಬಳಸುತ್ತಿದ್ದರು. "ಹೈಪೋ ಖರ್ಚಾದರೆ ತುಮಕೂರಿಂದ ತರಬಹುದು ಕಣಪ್ಪ, ಮಳೆನೀರು ಖರ್ಚಾದರೆ ಎಲ್ಲಿಂದ ತರ್ತೀಯಾ?" ಎನ್ನುತ್ತಿದ್ದರು. ಫೋಟೊಗ್ರಫಿಯ ಯಾವ ಪುಸ್ತಕ ಓದುವಾಗಲೂ ಅವರ ಜಾಡಿ ನನಗೆ ನೆನಪಾಗುತ್ತದೆ. ಪುಸ್ತಕ ಬರೆದವರ ಊರಿನ ನೀರು ಬೇರೆ, ಬೆಳಕು ಬೇರೆ. ನಮ್ಮ ಊರಿಗೆ ಬೇಕಾದ್ದನ್ನು ನಾವೇ ಮಾಡಿ ನೋಡಬೇಕು.

ಮಾಡಿ ನೋಡಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಲೆನ್ಸೇ ಇಲ್ಲದ ಕ್ಯಾಮೆರಾ. ಹಂಪಿಯ ವಿರೂಪಾಕ್ಷ ಗುಡಿಗೆ ಹೋದವರೆಲ್ಲ ಒಳಗಿನ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ನೋಡಿಯೇ ಇರುತ್ತಾರೆ. ಕತ್ತಲ ಕೋಣೆ, ಒಂದು ಕಿಂಡಿ, ಎದುರಿಗೆ ಗೋಡೆ. ಸೂಜಿರಂಧ್ರದ ಕ್ಯಾಮೆರಾ ಎಂದರೆ ಅದೇ ಕೋಣೆ ಡಬ್ಬಿಯ ಗಾತ್ರಕ್ಕೆ ಇಳಿದದ್ದು. ಹಾಲಿನ ಪುಡಿಯ ಡಬ್ಬಿಗೆ ಒಳಗೆ ಕಪ್ಪು ಬಳಿದು, ತೆಳು ತಗಡಿನಲ್ಲಿ ಸೂಜಿಯಿಂದ ತೂತು ಮಾಡಿ, ತೂತಿನ ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಕೂರಿಸಬೇಕು. ಡಬ್ಬಿಯ ಆಳ ಹತ್ತು ಸೆಂಟಿಮೀಟರಾದರೆ ರಂಧ್ರ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ದೊಡ್ಡದಾದರೆ ಚಿತ್ರ ಮಸುಕು. ತೀರಾ ಸಣ್ಣದಾದರೂ ಮಸುಕು, ಏಕೆಂದರೆ ಬೆಳಕು ಅಂಚಿಗೆ ತಾಗಿ ಚೆದುರುತ್ತದೆ. ಒಳಗೆ ಫಿಲ್ಮಿನ ಬದಲು ಫೋಟೊ ಪ್ರಿಂಟಿನ ಕಾಗದ ಹಾಕಿದರೆ, ಮಧುಗಿರಿಯ ನಡುಹಗಲಿನಲ್ಲಿ ಮುಕ್ಕಾಲು ನಿಮಿಷದಷ್ಟು ಬೆಳಕು ಬೇಕು.

ಆ ಮುಕ್ಕಾಲು ನಿಮಿಷದಲ್ಲಿ ಬೆಟ್ಟ ಹತ್ತುವವರೆಲ್ಲ ಮಾಯವಾಗುತ್ತಾರೆ. ಕೋಟೆಯ ಬಾಗಿಲ ಹತ್ತಿರ ಸಾಲಾಗಿ ಏರುತ್ತಿದ್ದ ಕಾಲೇಜು ಹುಡುಗರು, ಬಂಡೆಯಲ್ಲಿ ಕೊರೆದ ಮೆಟ್ಟಿಲ ಮೇಲೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ ಸಂಸಾರ, ಕೆಳಗೆ ಮೇಯುತ್ತಿದ್ದ ಕುರಿಗಳು, ಯಾರೂ ಕಾಗದದ ಮೇಲೆ ಉಳಿಯುವುದಿಲ್ಲ. ಒಮ್ಮೆ ಮಾತ್ರ ಗೋಡೆಯ ನೆರಳಿನಲ್ಲಿ ಸೌತೆಕಾಯಿ ಮಾರುತ್ತ ಕುಳಿತಿದ್ದ ಅಮ್ಮ ಉಳಿದರು. ಗಿರಾಕಿ ಇರಲಿಲ್ಲ, ಅವರು ಮೊಣಕಾಲ ಮೇಲೆ ಕೈಯಿಟ್ಟು ಕುಳಿತೇ ಇದ್ದರು. ಹಿರೇಗೌಡನೆಂಬ ಪಾಳೆಯಗಾರ ಕಟ್ಟಲು ತೊಡಗಿ, ಮುಂದೆ ಹೈದರಾಲಿಯ ಕೈಸೇರಿದ ಕೋಟೆಯ ಚಿತ್ರದಲ್ಲಿ ಕಲ್ಲಿನಷ್ಟೇ ಸ್ಪಷ್ಟವಾಗಿ ಕಾಣುವ ಮನುಷ್ಯರು ಅವರೊಬ್ಬರೇ. ಪ್ರಿಂಟು ಕೊಟ್ಟಾಗ ಅವರು ಮೊದಲು ನೋಡಿದ್ದು ಬುಟ್ಟಿಯನ್ನು. "ಕಾಯೆಲ್ಲಾ ಬಂದವೆ" ಎಂದು ಸಂತೋಷಪಟ್ಟರು. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾ ನನ್ನಲ್ಲಿದೆ. ಆದರೆ ಇಡೀ ದಿನ ಒಂದೇ ಕಡೆ ಕುಳಿತು ದುಡಿಯುವವರನ್ನು ಈ ಡಬ್ಬಿ ಕಂಡಷ್ಟು ಚೆನ್ನಾಗಿ ಅದು ಕಾಣಲಿಲ್ಲ.

ಮಧುಗಿರಿಯಂಥ ಊರಿನಲ್ಲಿ ಮಾಡಲೇಬೇಕಾದ ಇನ್ನೊಂದು ಪ್ರಯೋಗವಿದೆ. ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ದೊಡ್ಡ ಮೇಣದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅವನು ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ತೆಗೆದರು. ಅದೇ ಬಗೆಯಲ್ಲಿ ಮನೆಯ ಹಳೇ ಫೋಟೊ ಹಿಡಿದು ಮಧುಗಿರಿಯ ಬೀದಿಯಲ್ಲಿ ನಡೆದರೆ, ಮನೆ ಹೋಗಿದ್ದರೂ ಮರ ಹೋಗಿದ್ದರೂ ಹಿಂದಿನ ಬಂಡೆ ಜಾಗ ಹೇಳುತ್ತದೆ. ಮಳೆನೀರು ಇಳಿದು ಬಂಡೆಯ ಮೇಲೆ ಬಿದ್ದ ಕಪ್ಪು ಗೆರೆಗಳು, ಬುರುಜಿನ ಮೂಲೆ, ಇವೆರಡೂ ಚಿತ್ರದಲ್ಲಿದ್ದಂತೆ ಒಂದಕ್ಕೊಂದು ಕೂಡುವವರೆಗೆ ಎಡಕ್ಕೆ ಬಲಕ್ಕೆ ಸರಿದರೆ ಸಾಕು, ಅಂದು ಕ್ಯಾಮೆರಾ ಇದ್ದ ಜಾಗದಲ್ಲೇ ನಿಂತಿರುತ್ತೇವೆ. ಕೆಲವೊಮ್ಮೆ ಆ ಜಾಗ ಈಗ ಯಾರದೋ ಅಡುಗೆಮನೆಯಾಗಿರುತ್ತದೆ. ಕೇಳಿದರೆ ಒಳಗೆ ಬಿಡುತ್ತಾರೆ, ಕಾಫಿಯನ್ನೂ ಕೊಡುತ್ತಾರೆ.

ಮೈದನಹಳ್ಳಿಯದು ಬೇರೆಯೇ ಶಿಸ್ತು. ಮಧುಗಿರಿ ತಾಲ್ಲೂಕಿನ ಆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಬರೀ 798 ಎಕರೆ. ಅಷ್ಟರಲ್ಲೇ ಕೃಷ್ಣಮೃಗಗಳ ಹಿಂಡು ಹಿಂಡು, ಸುತ್ತಲೂ ರೈತರ ಹೊಲ. ಬೆಳಕಿನ ಪಾಠದಲ್ಲಿ ಕೃಷ್ಣಮೃಗದ ಗಂಡಿನಷ್ಟು ಕಠಿಣವಾದ ಲೆಕ್ಕ ಇನ್ನೊಂದಿಲ್ಲ. ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚ ಬಿಳಿ, ಕಣ್ಣ ಸುತ್ತ ಬಿಳಿ ಬಳೆ, ಸುತ್ತ ಒಣಹುಲ್ಲಿನ ಹೊಂಬಣ್ಣ. ಕ್ಯಾಮೆರಾದ ಅಳತೆಯಂತ್ರಕ್ಕೆ ಜಗತ್ತೆಲ್ಲ ಮಧ್ಯಮ ಬೂದು. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಬೂದು. ಕಪ್ಪು ಬೆನ್ನಿನ ಮೇಲೆ ಅಳತೆ ತೆಗೆದರೆ ಹೊಟ್ಟೆ ಸುಟ್ಟು ಬೆಳ್ಳಗಾಗುತ್ತದೆ. ಹೊಟ್ಟೆಯ ಮೇಲೆ ತೆಗೆದರೆ ಬೆನ್ನಿನ ರೋಮವೆಲ್ಲ ಮಸಿಯಲ್ಲಿ ಮುಳುಗುತ್ತದೆ. ಹುಲ್ಲಿನ ಮೇಲೆ ಅಳೆದು, ಒಂದು ಕೂದಲೆಳೆ ಕಡಿಮೆ ಮಾಡಿ, ಸೂರ್ಯ ಕೆಳಗಿರುವ ಹೊತ್ತಿನಲ್ಲಿ ತೆಗೆದರೆ ಎರಡೂ ಉಳಿಯುತ್ತವೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಇಂಥ ಲೆಕ್ಕವನ್ನೆಲ್ಲ ಫಿಲ್ಮಿನಲ್ಲಿ, ಹಿಂಬದಿಯ ಪರದೆ ನೋಡುವ ಅನುಕೂಲವಿಲ್ಲದೆ, ತಲೆಯಲ್ಲೇ ಮಾಡಿ ಗೆದ್ದಿತು. ಅವರ ಕಪ್ಪು-ಬಿಳುಪು ಚಿತ್ರಗಳ ಮುಂದೆ ನಿಂತಾಗೆಲ್ಲ ನನ್ನ ಗೌರವ ಹೆಚ್ಚುತ್ತದೆ.

ಅಲ್ಲಿ ಬಿಸಿಲೇ ಎದುರಾಳಿ. ಒಂಬತ್ತು ಗಂಟೆ ದಾಟಿದರೆ ನೆಲ ಕಾದು ಹುಲ್ಲಿನ ಮೇಲೆ ಬಿಸಿಲ್ಗುದುರೆ ಕುಣಿಯತೊಡಗುತ್ತದೆ. ಎಷ್ಟು ದುಬಾರಿ ಲೆನ್ಸು ತಂದರೂ ಅದು ಆ ಕುಣಿತವನ್ನೇ ದೊಡ್ಡದು ಮಾಡಿ ತೋರಿಸುತ್ತದೆ, ಕೊಂಬಿನ ಸುರುಳಿ ಕರಗಿದಂತೆ ಬರುತ್ತದೆ. ಪರಿಹಾರ ಹಣದಲ್ಲಿಲ್ಲ. ಬೆಳಗಿನ ಜಾವ ಬರಬೇಕು, ಹತ್ತಿರವಾಗಬೇಕು. ಹತ್ತಿರವಾಗುವುದೆಂದರೆ ಅಟ್ಟಿಸಿಕೊಂಡು ಹೋಗುವುದಲ್ಲ. ಒಂದು ಕಡೆ ಕುಳಿತು, ಅವು ಮೇಯುತ್ತ ತಾವಾಗಿ ಬರುವವರೆಗೆ ಕಾಯುವುದು. ರಷ್ಯಾದ 500 ಮಿಲಿಮೀಟರಿನ ಹಳೆಯ ಕನ್ನಡಿ ಲೆನ್ಸೊಂದನ್ನು ನಾನು ಅಲ್ಲಿಗೆ ಒಯ್ಯುತ್ತೇನೆ. ಒಳಗೆ ಗಾಜಿನ ಜೊತೆ ಕನ್ನಡಿ ಇರುವುದರಿಂದ ಅದು ಮೋಟು, ಹೊರುವುದು ಸುಲಭ. ದ್ಯುತಿರಂಧ್ರ ಒಂದೇ, 8. ಹಿನ್ನೆಲೆಯಲ್ಲಿ ಹೊಳೆಯುವ ಪ್ರತಿ ಇಬ್ಬನಿಯೂ ಅದರಲ್ಲಿ ಉಂಗುರವಾಗಿ ಮೂಡುತ್ತದೆ. ಬಹಳ ಜನಕ್ಕೆ ಆ ಉಂಗುರಗಳು ಹಿಡಿಸುವುದಿಲ್ಲ. ಡಿಸೆಂಬರಿನ ಬೆಳಗ್ಗೆ, ಇಬ್ಬನಿ ತುಂಬಿದ ಹುಲ್ಲಿನ ನಡುವೆ ತಲೆಯೆತ್ತಿದ ಗಂಡಿನ ಸುತ್ತ ಅವನ್ನು ಕಂಡ ಮೇಲೆ ನನಗೆ ಅವು ಬೇಕೇ ಬೇಕು ಅನ್ನಿಸಿವೆ.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಆ ಲೆನ್ಸು ಒಯ್ದು ನೋಡಿದೆ, ಹೊಂದಲಿಲ್ಲ. ಅಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರೊಳಗಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ಮನೆಯಂಗಳದಲ್ಲಿ ಹಸು, ಒಗೆದ ಬಟ್ಟೆ. ಮೇಲೆ ರೆಕ್ಕೆ ಬಡಿತ, ಮರಿಗಳ ಕೂಗು, ಅಂಗಳಕ್ಕೆ ಉದುರುವ ಮೀನಿನ ಚೂರು, ಹಿಕ್ಕೆ. ಇದೆಲ್ಲವನ್ನೂ ಆ ಮನೆಗಳವರು ವರ್ಷವರ್ಷ ಸಹಿಸಿ, ಹಕ್ಕಿಗಳಿಗೆ ಕಲ್ಲು ಬೀಳದಂತೆ ನೋಡಿಕೊಂಡಿದ್ದಾರೆ. ಉದ್ದ ಲೆನ್ಸಿನಲ್ಲಿ ತೆಗೆದರೆ ಹಕ್ಕಿ ಮಾತ್ರ ಬರುತ್ತದೆ, ಯಾವ ಕೆರೆಯದಾದರೂ ಆಗಬಹುದಾದ ಹಕ್ಕಿ. ಊರು ಚಿತ್ರದಿಂದ ಹೊರಗೆ ಉಳಿಯುತ್ತದೆ. ಕಗ್ಗಲಡುವಿನ ಹೆಚ್ಚಿನ ಚಿತ್ರಗಳು ಹೀಗೇ ಇವೆ, ಅದು ನನಗೆ ಅನ್ಯಾಯವೆಂದು ಕಾಣುತ್ತದೆ. ಆ ಹಕ್ಕಿಗಳನ್ನು ಉಳಿಸಿದ್ದು ಆ ಅಂಗಳ.

ಅದಕ್ಕೇ ಅಲ್ಲಿಗೆ ಎರಡು ಕಣ್ಣಿನ ಯಾಶಿಕಾ ಒಯ್ಯುತ್ತೇನೆ. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಮಸುಕು ಗಾಜಿನೊಳಗೆ ನೋಡಬೇಕು. ಎದುರಿಗಿರುವವರಿಗೆ ಯಾರೋ ತಮ್ಮ ಕಡೆ ಕೋವಿ ತಿರುಗಿಸಿದಂತೆ ಆಗುವುದಿಲ್ಲ. ತಲೆ ತಗ್ಗಿಸಿದ ಮನುಷ್ಯ ಕಾಣುತ್ತಾನೆ. ಆ ಗಾಜಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಹಕ್ಕಿ ಹಾರಿದ ಕಡೆಗೆ ಕ್ಯಾಮೆರಾ ತಿರುಗಿಸಲು ಕೈಗೆ ಹೊಸ ಅಭ್ಯಾಸವೇ ಬೇಕು. ಮಕ್ಕಳು ಸುತ್ತ ಸೇರುತ್ತಾರೆ. ಒಬ್ಬೊಬ್ಬರಾಗಿ ಗಾಜಿನೊಳಗೆ ಇಣುಕಿ, ತಮ್ಮದೇ ಮನೆ, ತಮ್ಮದೇ ಮರ, ಅದರ ಮೇಲಿನ ಹಕ್ಕಿ ಅಂಗೈಯಗಲದಲ್ಲಿ ಹೊಳೆಯುವುದನ್ನು ನೋಡುತ್ತಾರೆ. "ಅಣ್ಣ, ನಮ್ಮಜ್ಜಿನೂ ಬರ್ಲಿ ಇದ್ರಾಗೆ" ಎಂದು ಒಬ್ಬ ಹುಡುಗಿ ಅಜ್ಜಿಯ ಕೈಹಿಡಿದು ತಂದು ಹುಣಿಸೆಯ ಬುಡದಲ್ಲಿ ನಿಲ್ಲಿಸಿದಳು. ಚೌಕ ಚಿತ್ರದಲ್ಲಿ ಕೆಳಗೆ ಅಜ್ಜಿ, ಮೇಲೆ ಗೂಡುಗಳು, ನಡುವೆ ಮರದ ಕಾಂಡ. ಚೌಕ ಇಲ್ಲದ ಕ್ಯಾಮೆರಾದಲ್ಲಿ ಇವೆಲ್ಲಕ್ಕೂ ಜಾಗ ಸಿಗುತ್ತಿರಲಿಲ್ಲ.

ಶಿರಾ ಪಟ್ಟಣದಲ್ಲಿ ಕಟ್ಟಡಗಳ ಪಾಠ. 1696ರ ಜುಮ್ಮಾ ಮಸೀದಿ, ಅದಕ್ಕಿಂತ ಹಿಂದಿನ ಮಲಿಕ್ ರಿಹಾನ್ ದರ್ಗಾ, ಎರಡೂ ಕೆತ್ತಿದ ಕಲ್ಲಿನವು. ಕ್ಯಾಮೆರಾ ಮೇಲೆತ್ತಿ ತೆಗೆದರೆ ಗೋಡೆಗಳು ಒಳಮುಖವಾಗಿ ವಾಲಿ, ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ತಿದಿಯುಳ್ಳ ಹಳೆಯ ಪ್ಲೇಟ್ ಕ್ಯಾಮೆರಾದಲ್ಲಿ ಹಿಂಬದಿಯನ್ನು ನೆಟ್ಟಗೇ ಇಟ್ಟು ಮುಂದಿನ ಲೆನ್ಸಿನ ಹಲಗೆಯನ್ನು ಮಾತ್ರ ಮೇಲೆತ್ತಬಹುದು. ಆಗ ಗೋಡೆ ಗೋಡೆಯಂತೆಯೇ ನಿಲ್ಲುತ್ತದೆ. ಕ್ಯಾಪ್ಟನ್ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳನ್ನು ಕಾಗದದ ನೆಗೆಟಿವ್‌ನಲ್ಲಿ ಹಿಡಿದನಲ್ಲ, ಆ ಚಿತ್ರಗಳ ಗಾಂಭೀರ್ಯವನ್ನು ಪುಸ್ತಕದಲ್ಲಿ ನೋಡುವುದು ಬೇರೆ, ಕಪ್ಪು ಬಟ್ಟೆಯೊಳಗೆ ಬೆವರುತ್ತ ತಲೆಕೆಳಗಾದ ಕಮಾನನ್ನು ಸರಿಮಾಡುತ್ತ ತಿಳಿಯುವುದು ಬೇರೆ. ಆ ಬಟ್ಟೆಯೊಳಗೆ ಹೊರಗಿನ ಯಾವುದೂ ಕಾಣುವುದಿಲ್ಲ. ಒಂದು ಕಮಾನಿಗೆ ಅರ್ಧ ಗಂಟೆ ಕೊಟ್ಟರೆ, ಕಲ್ಲುಕುಟಿಗ ಪ್ರತಿ ದಳದ ಅಂಚನ್ನು ಎಷ್ಟು ಜಾರಿಸಿ ಕೆತ್ತಿದ್ದಾನೆಂಬುದು ಕಾಣಿಸತೊಡಗುತ್ತದೆ.

ಕೊರಟಗೆರೆಯಲ್ಲಿ ನನ್ನ ಕೆಲಸ ಕಡಿಮೆ. ಸಿದ್ಧರಬೆಟ್ಟದ ಗುಹೆಯ ಮಬ್ಬಿನಲ್ಲಿ ಫಿಲ್ಮು ತನ್ನ ಲೆಕ್ಕವನ್ನೇ ಬಿಟ್ಟುಕೊಡುತ್ತದೆ. ಬೆಳಕು ತೀರಾ ಕಡಿಮೆಯಾದಾಗ ಯಂತ್ರ ಒಂದು ನಿಮಿಷ ಹೇಳಿದರೆ ಫಿಲ್ಮಿಗೆ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಅಷ್ಟು ಹೊತ್ತು ಜನರನ್ನು ತಡೆದು ನಿಲ್ಲಿಸುವ ಹಕ್ಕು ನನಗಿಲ್ಲ. ತೀರ್ಥಕ್ಕೆ ಬಂದವರ ಓಡಾಟ ನಿಂತ ಮೇಲೆ, ಕೇಳಿಕೊಂಡು, ಕಲ್ಲು ಮತ್ತು ನೀರನ್ನಷ್ಟೆ ತೆಗೆಯುತ್ತೇನೆ. ಚನ್ನರಾಯನದುರ್ಗಕ್ಕೆ ಮೊಬೈಲೊಂದೇ ಸಾಕಾಯಿತು. ಮೊಬೈಲನ್ನು ಕೀಳಾಗಿ ಕಾಣುವ ಗೆಳೆಯರು ನನಗಿದ್ದಾರೆ, ನಾನು ಒಪ್ಪುವುದಿಲ್ಲ. ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಕ್ಷಣದಲ್ಲಿ ಜೋಡಿಸಿ, ನಡುಹಗಲಿನ ಕಡುನೆರಳನ್ನು ಬಿಡಿಸಿಕೊಡುವ ಜಾಣ್ಮೆ ಅದಕ್ಕಿದೆ. ಅದಕ್ಕಿಂತ ಹೆಚ್ಚಿನದೆಂದರೆ, ಇಷ್ಟು ಕಾಲ ಬೇರೆಯವರ ಕ್ಯಾಮೆರಾಕ್ಕೆ ನಿಂತ ಹೆಂಗಸರು ಈಗ ತಮ್ಮ ಹೊಲ, ತಮ್ಮ ಮಗು, ತಮ್ಮ ರಂಗೋಲಿಯ ಚಿತ್ರವನ್ನು ತಾವೇ ತೆಗೆಯುತ್ತಿದ್ದಾರೆ.

ಪಾವಗಡದ ಬಿಸಿಲನ್ನು ಈಗ ದೇಶವೇ ಬಲ್ಲದು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಹರಡಿದೆ. 2018ರಲ್ಲಿ ಶುರುವಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟಿನ ಪೂರ್ಣ ಸಾಮರ್ಥ್ಯಕ್ಕೆ ಬಂತು. ಜಮೀನು ಮಾರಿದ್ದಲ್ಲ, ರೈತರು ಗುತ್ತಿಗೆಗೆ ಕೊಟ್ಟದ್ದು. ಬೇಲಿಯ ಈಚೆ ರಸ್ತೆಯಲ್ಲಿ ನಿಂತು ನೋಡಿದರೆ ಗಾಜಿನ ಹಲಗೆಗಳ ಸಾಲಿನ ಮೇಲೆ ಆಕಾಶವೇ ಬಿದ್ದಿರುತ್ತದೆ. ಪೋಲರೈಸಿಂಗ್ ಫಿಲ್ಟರನ್ನು ಲೆನ್ಸಿನ ಮುಂದೆ ಮೆಲ್ಲಗೆ ತಿರುಗಿಸಿದರೆ ಗಾಜಿನ ಹೊಳಪು ಮಾಯವಾಗಿ, ಕಡುನೀಲಿ ಬಿಲ್ಲೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಇನ್ನೂ ಕಾಲು ಸುತ್ತು ತಿರುಗಿಸಿದರೆ ಆಕಾಶ ಮತ್ತೆ ಬಂದು ಕೂರುತ್ತದೆ. ಮೊದಲನೆಯದು ಇಂಜಿನಿಯರಿಗೆ ಬೇಕಾದ ಚಿತ್ರ. ಎರಡನೆಯದರಲ್ಲಿ ನೆಲ ಕಾಣದಾದ ಊರಿನವರ ಮಾತು ಇದೆ: ಕುರಿ ಎಲ್ಲಿ ಮೇಯಿಸೋದು ಎಂದು ನನ್ನನ್ನು ಕೇಳಿದ ಕುರಿಗಾಹಿಯ ಮಾತು. ನಾನು ಎರಡನ್ನೂ ಜೊತೆಯಾಗಿಯೇ ತೋರಿಸುತ್ತೇನೆ.

ಅವಗೆಂಪು ಕಿರಣದ ಫಿಲ್ಟರು ಹಾಕಿದರೆ ಅದೇ ಬಯಲು ಇನ್ನೊಂದು ರೂಪ ತಾಳುತ್ತದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಹೇರಳವಾಗಿ ಹಿಂದಕ್ಕೆ ಕಳಿಸುತ್ತದೆ, ಆದ್ದರಿಂದ ಚಿತ್ರದಲ್ಲಿ ಗಿಡಮರ ಬೆಳ್ಳಗೆ ಬೆಳಗುತ್ತವೆ, ಆಕಾಶ ಕಪ್ಪಾಗುತ್ತದೆ. ಕಡಲೆಕಾಯಿ ಹೊಲ ಹಸಿರಾಗಿದ್ದರೆ ನೊರೆಹಾಲು ಚೆಲ್ಲಿದಂತೆ ಬರುತ್ತದೆ. ಮಳೆ ಕೈಕೊಟ್ಟು ಬಳ್ಳಿ ಒಣಗಿದ್ದರೆ ಆ ಬೆಳಕು ಇಲ್ಲ, ಬೂದು. ದೂರದಿಂದ ಬರಿಗಣ್ಣಿಗೆ ಎರಡೂ ಹೊಲ ಸುಮಾರಾಗಿ ಒಂದೇ ಥರ ಕಂಡ ದಿನವೂ ಫಿಲ್ಟರು ವ್ಯತ್ಯಾಸ ತೋರಿಸಿದ್ದುಂಟು. ಬೇಸಾಯದ ಉಪಗ್ರಹಗಳು ಬೆಳೆಯ ಆರೋಗ್ಯ ಅಳೆಯುವುದೂ ಇದೇ ಗುಣದಿಂದ.

ನೀಲಿ ಮುದ್ರಣಕ್ಕಂತೂ ಪಾವಗಡವೇ ತವರು ಎನ್ನಿಸಿದೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ ಕ್ಯಾಮೆರಾವೂ ಬೇಡ. ಫೆರಿಕ್ ಅಮೋನಿಯಂ ಸಿಟ್ರೇಟು, ಪೊಟ್ಯಾಸಿಯಂ ಫೆರಿಸಯನೈಡು ಎರಡನ್ನೂ ನೀರಿನಲ್ಲಿ ಕಲಸಿ ಕಾಗದಕ್ಕೆ ಬಳಿದು ನೆರಳಲ್ಲಿ ಒಣಗಿಸಬೇಕು. ಮೇಲೆ ಎಲೆಯಿಟ್ಟು ಗಾಜು ಮುಚ್ಚಿ ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆದರೆ ಎಲೆಯಿದ್ದ ಜಾಗ ಬಿಳಿ, ಉಳಿದದ್ದು ಗಾಢನೀಲಿ. ಆನಾ ಅಟ್ಕಿನ್ಸ್ 1843ರಲ್ಲಿ ಬ್ರಿಟನ್ನಿನ ಕಡಲಪಾಚಿಗಳನ್ನು ಹೀಗೆ ಅಚ್ಚೊತ್ತಿದರು. ಅಲ್ಲಿಯ ಮಂಕುಬಿಸಿಲಿಗೆ ಹಿಡಿಯುವ ಹೊತ್ತಿನಲ್ಲಿ ನಮ್ಮಲ್ಲಿ ಹಲವು ಕಾಗದ ಮುಗಿದಿರುತ್ತವೆ. ತೊಡಕು ಮತ್ತೆ ನೀರಿನದೇ. ಆ ನೀಲಿಗೆ ಕ್ಷಾರ ಆಗದು. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಬಣ್ಣ ಕಣ್ಣೆದುರೇ ಸೊರಗುತ್ತದೆ. ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಮೊದಲ ತೊಳೆತ ಕೊಟ್ಟರೆ ನಿಲ್ಲುತ್ತದೆ. ಶಾಲೆಯ ಮಕ್ಕಳ ಕೈಯಲ್ಲಿ ಹೊಂಗೆ, ಬಳ್ಳಾರಿ ಜಾಲಿ, ಹುಣಿಸೆ ಸೊಪ್ಪಿನ ಅಚ್ಚು ಮಾಡಿಸಿದಾಗ, ನಿಂಬೆನೀರಿಗೆ ಬಿದ್ದ ಕಾಗದ ನೀಲಿಗಟ್ಟುವುದನ್ನು ನೋಡಿ ಅವರು ಹಾಕಿದ ಕೇಕೆಗೆ ಪಕ್ಕದ ತರಗತಿಯ ಪಾಠ ನಿಂತಿತು.

ಈಚೆಗೆ ನನ್ನ ಮನಸ್ಸೆಲ್ಲ ಹಿಡಿದಿರುವುದು ತಿಂಗಳುಗಟ್ಟಲೆ ತೆರೆದಿಡುವ ಡಬ್ಬಿ. 2000ದ ಸುಮಾರಿಗೆ ಪೋಲೆಂಡ್ ಮತ್ತು ಸ್ಪೇನಿನ ಕೆಲವರು ರೂಢಿಗೆ ತಂದ ಉಪಾಯ ಇದು. ಸೂಜಿರಂಧ್ರದ ಡಬ್ಬಿಯೊಳಗೆ ಫೋಟೊ ಕಾಗದ ಸುತ್ತಿ, ನೀರು ಹೋಗದಂತೆ ಟೇಪು ಸುತ್ತಿ, ಸೂರ್ಯನ ಕಡೆಗೆ ಕಟ್ಟಿ, ಜೂನ್ 21ರ ಸುಮಾರಿನಿಂದ ಡಿಸೆಂಬರ್ 21ರವರೆಗೆ ಹಾಗೇ ಬಿಟ್ಟುಬಿಡುವುದು. ದಿನದಿನವೂ ಸೂರ್ಯ ಹೋದ ದಾರಿ ಕಾಗದದ ಮೇಲೆ ಸುಟ್ಟು ಗೆರೆಯಾಗುತ್ತದೆ. ರಾಸಾಯನಿಕದಲ್ಲಿ ತೊಳೆಯುವುದೂ ಬೇಡ. ತೆಗೆದು ನೇರವಾಗಿ ಸ್ಕ್ಯಾನ್ ಮಾಡಿ ಬೆಳಕು-ಕತ್ತಲು ತಿರುಗಿಸಿದರೆ ಆಯಿತು. ಯುರೋಪಿನ ಚಿತ್ರಗಳಲ್ಲಿ ಸೂರ್ಯ ತಗ್ಗಾಗಿ ವಾಲಿಕೊಂಡು ಮುಳುಗುತ್ತಾನೆ. ಮಧುಗಿರಿಯಲ್ಲಿ, ಏಪ್ರಿಲ್ ಕೊನೆಗೊಮ್ಮೆ ಆಗಸ್ಟ್ ನಡುವಿಗೊಮ್ಮೆ ನೆತ್ತಿಯ ಮೇಲೇ ಬರುವ ಸೂರ್ಯ, ಪಡುವಣಕ್ಕೆ ಕಟ್ಟಿದ ಡಬ್ಬಿಯಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ವಾಯವ್ಯದಿಂದ ನೈರುತ್ಯದವರೆಗೆ ಗೆರೆಗಳ ತಡಿಕೆ. ಮೋಡ ಕವಿದ ದಿನಗಳಲ್ಲಿ ಗೆರೆ ಇಲ್ಲ, ಅಲ್ಲಿ ಕಪ್ಪು ಪಟ್ಟೆ.

ಆ ಡಬ್ಬಿಯನ್ನು ನಾನು ಕಟ್ಟಿದ್ದು ಮಧುಗಿರಿ ತಾಲ್ಲೂಕಿನ ಒಬ್ಬ ರೈತರ ಪಂಪ್‌ಹೌಸಿನ ಗೋಡೆಗೆ. ವಯಸ್ಸಾದವರು, ನಾನು ತಾತ ಎನ್ನುತ್ತೇನೆ. ಚಿತ್ರ ತೋರಿಸಿ, ಬಲಗಡೆ ಜೂನು, ಎಡಗಡೆ ಡಿಸೆಂಬರು ಎಂದು ಹೇಳಿದ್ದಷ್ಟೆ. ಅವರು ಕನ್ನಡಕ ಮೇಲೇರಿಸಿ ಗೆರೆಗಳ ಮೇಲೆ ಬೆರಳಾಡಿಸುತ್ತ ಹೋದರು. ನಡುವಿನ ಅಗಲವಾದ ಕಪ್ಪು ಪಟ್ಟೆಯ ಹತ್ತಿರ ಬೆರಳು ನಿಂತಿತು. "ಇದು ಉತ್ತರೆ ಕಣಪ್ಪ. ಕಾಯಿ ಬಲಿಯೋ ಹೊತ್ತಿಗೆ ಬಂತು. ಇಲ್ಲಿ ಹಸ್ತ ಬಿಡ್ತು ನೋಡು, ಬರೀ ಗೆರೆ" ಎಂದರು. ಸೆಪ್ಟೆಂಬರ್ 23ರ ಹಿಂದುಮುಂದು ಸೂರ್ಯ ದಿನದಿಂದ ದಿನಕ್ಕೆ ದಕ್ಷಿಣಕ್ಕೆ ಸರಿಯುವ ವೇಗ ಎಲ್ಲಕ್ಕಿಂತ ಹೆಚ್ಚು, ಆದ್ದರಿಂದ ಗೆರೆಗಳ ನಡುವಿನ ಎಡೆಯೂ ಆಗ ಹೆಚ್ಚು. ನಮ್ಮ ಕಡೆಯ ಬೇಸಾಯದ ಬದುಕು ನಿಂತಿರುವ ಉತ್ತರೆ, ಹಸ್ತಗಳು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಕಾಗದ ಅತಿ ಸ್ಪಷ್ಟವಾಗಿ ಮಾತಾಡುವ ಜಾಗದಲ್ಲೇ ತಾತನ ಬೆರಳು ಇತ್ತು.

ಇನ್ನೊಂದು ಪಟ್ಟೆಯನ್ನು ನಾನೇ ತೋರಿಸಿ, ಇಲ್ಲೂ ಮಳೆಯಾಗಿರಬೇಕಲ್ಲವಾ ತಾತ ಎಂದು ಕೇಳಿದೆ. "ಇಲ್ಲ. ಅದು ಬರೀ ಮೋಡ. ನಾಲ್ಕು ದಿನ ಮುಚ್ಕೊಂಡಿತ್ತು, ಒಂದು ಹನಿ ಉದುರಲಿಲ್ಲ" ಎಂದರು. ಡಬ್ಬಿಗೆ ಮೋಡವೂ ಒಂದೇ ಮಳೆಯೂ ಒಂದೇ, ಎರಡನ್ನೂ ಬೇರೆ ಮಾಡಿ ಓದಲು ಅವರೇ ಬೇಕು. ಅಂದಿನಿಂದ ಪ್ರತಿ ಕಾಗದದ ಹಿಂದೆ ಯಾವ ಪಟ್ಟೆ ಸುರಿದದ್ದು, ಯಾವ ಪಟ್ಟೆ ಬರೀ ಮುಚ್ಚಿದ್ದು ಎಂದು ಅವರು ಹೇಳಿದಂತೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೇನೆ. ಚಿತ್ರ ವಾಪಸು ಕೊಡುವಾಗ ಅವರು ಒಂದು ತಕರಾರು ತೆಗೆದರು. ಪಡುವಣಕ್ಕೆ ಮುಖ ಮಾಡಿದ ಡಬ್ಬಿ ಮಧ್ಯಾಹ್ನದ ಮೇಲಿನದನ್ನಷ್ಟೆ ನೋಡುತ್ತದೆ. ಬೆಳಗ್ಗೆ ಬಿಸಿಲು ಕಾದು ಸಂಜೆ ಗುಡುಗಿ ಸುರಿದದ್ದು ಯಾವುದು, ಬೆಳಗಿನಿಂದಲೇ ಹಿಡಿದ ಜಡಿ ಯಾವುದು ಎಂದು ಇದರಲ್ಲಿ ಹೇಗೆ ತಿಳಿಯಬೇಕು? "ಮೂಡ್ಲಾಗೂ ಒಂದು ಕಟ್ಟು. ಎರಡೂ ಒಟ್ಟಿಗಿಟ್ಟು ನೋಡಾನ" ಎಂದರು. ಮೂಡಣ ದಿಕ್ಕಿಗೆ ಅಡ್ಡವಿಲ್ಲದ ಜಾಗ ಅವರ ಹೊಲದಲ್ಲಿ ನೀರಿನ ತೊಟ್ಟಿಯ ಕಂಬವೊಂದೇ. ಬರುವ ಜೂನಿಗೆ ಅಲ್ಲೊಂದು, ಪಂಪ್‌ಹೌಸಿಗೊಂದು ಕಟ್ಟುವುದೆಂದು ಗೊತ್ತಾಗಿದೆ. ಪಾವಗಡದ ಗೆಳೆಯರೊಬ್ಬರ ತಾರಸಿಗೂ ಒಂದು ಜೊತೆ ಡಬ್ಬಿಗೆ ಕಪ್ಪು ಬಳಿದು ಒಣಗಲು ಇಟ್ಟಿದ್ದೇನೆ.